ಸಾಕುತಾಯಿಯ ಗುರುತು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಯ ಮೆಟ್ಟಿಲು ಹತ್ತಿ ಬಂದವರು ಗಂಡ ಹೆಂಡತಿ. ಇಬ್ಬರ ಮೈಯಿಂದಲೂ ಫಿನಾಯಿಲ್ ವಾಸನೆ ಹೊಡೆಯುತ್ತಿತ್ತು. ಗಂಡ ಒಂದೇ ಉಸಿರಿಗೆ ಮಾತಾಡುತ್ತಿದ್ದ. ಹೆಂಡತಿ ಬೆಂಚಿನ ತುದಿಯಲ್ಲಿ ಕೂತು, ರಬ್ಬರ್ ಬೂಟಿನ ಮೇಲೆ ಒಣಗಿದ್ದ ಕಲೆಯನ್ನೇ ನೋಡುತ್ತಿದ್ದಳು.

"ಹನ್ನೊಂದು ಕರು ಸಾರ್. ಒಂದೇ ವಾರದಲ್ಲಿ. ಮೈ ಕಾದು, ರಕ್ತಭೇದಿಯಾಗಿ, ನೋಡ್ತಾ ನೋಡ್ತಾ ಹೋಗಿಬಿಟ್ವು. ಕರು ನೋಡ್ಕೊಳ್ಳೋ ನಮ್ಮ ಅಜ್ಜಿನೂ ಅದೇ ಭೇದಿಗೆ ಆಸ್ಪತ್ರೆ ಸೇರಿದ್ದಾಳೆ. ಇದು ತಾನಾಗೇ ಬಂದ ರೋಗ ಅಲ್ಲ. ಪಕ್ಕದವನು ತಂದು ಹಾಕಿದ್ದು."

"ಪಕ್ಕದವನು ಅಂದ್ರೆ?" ಇನ್ಸ್‌ಪೆಕ್ಟರ್ ಕೇಳಿದರು.

"ಹಂದಿ ಸಾಕ್ತಾನಲ್ಲ, ಅವನೇ. ಕಾಲುವೆ ನೀರಿನ ವಿಷಯಕ್ಕೆ ನಮಗೂ ಅವನಿಗೂ ಆಗಿಬರಲ್ಲ. 'ನಿನ್ನ ಕೊಟ್ಟಿಗೆ ಖಾಲಿ ಮಾಡಿಸ್ತೀನಿ' ಅಂತ ಎಲ್ಲರ ಮುಂದೆ ಕೂಗಿದ್ದ."

ಇನ್ಸ್‌ಪೆಕ್ಟರ್ ಹೆಂಡತಿಯ ಕಡೆ ತಿರುಗಿದರು. "ನೀವೇನಂತೀರಮ್ಮ?"

ಅವಳು ತಲೆಯೆತ್ತಿದಳು. ಡೈರಿಯ ನಿಜವಾದ ಒಡತಿ ಅವಳೇ. ಗಂಡ ಹಾಲಿನ ವ್ಯಾನ್ ಓಡಿಸುತ್ತಿದ್ದ. "ಯಾರು ಮಾಡಿದ್ದು ಗೊತ್ತಿಲ್ಲ ಸಾರ್. ಆದ್ರೆ ಯಾರೋ ಮಾಡಿದ್ದು ಹೌದು. ಮದುವೆಗೆ ಮುಂಚೆ ನಾನು ರೋಗಾಣು ಲ್ಯಾಬಲ್ಲಿ ಕೆಲಸಕ್ಕಿದ್ದವಳು. ಇದು ಸಾಲ್ಮೊನೆಲ್ಲಾ ಅನ್ನೋದು ಮೊದಲ ಕರು ಬಿದ್ದಾಗಲೇ ಗೊತ್ತಾಯ್ತು. ಅದು ಒಳಗೆ ಬರೋಕೆ ನಾನು ಯಾವ ದಾರೀನೂ ಬಿಟ್ಟಿರಲಿಲ್ಲ. ಹೊರಗಿನ ದನ ತರಲ್ಲ, ಬೂಟು ತೊಳೀದೆ ಯಾರನ್ನೂ ಒಳಗೆ ಬಿಡಲ್ಲ."

ದೂರನ್ನು ಬರೆದುಕೊಂಡವನು ದಫೇದಾರ. ಯಾವ ಮಾತನ್ನೂ ತೂಗಿ ನೋಡದೆ ಬಾಯಿಂದ ಹೊರಗೆ ಬಿಡದ ಅವನನ್ನು ಠಾಣೆಯಲ್ಲಿ ಎಲ್ಲರೂ ತಕ್ಕಡಿ ಎಂದೇ ಕರೆಯುತ್ತಿದ್ದರು. ಎಫ್‌ಐಆರ್‌ನಲ್ಲಿ ಆರೋಪಿಯ ಜಾಗಕ್ಕೆ ಬಂದಾಗ ಅವನ ಪೆನ್ನು ನಿಂತಿತು.

"ಹಂದಿಯವನ ಹೆಸರು ಹಾಕಲಾ ಸಾರ್?"

"ಅಪರಿಚಿತ ಅಂತ ಹಾಕು. ಎತ್ತು ಈಯಿತು ಅಂದ ತಕ್ಷಣ ಕೊಟ್ಟಿಗೆಗೆ ಕಟ್ಟೋದು ಬೇಡ."

ಮಧ್ಯಾಹ್ನ ಡೈರಿಯಲ್ಲಿ ಸ್ಥಳ ಪಂಚನಾಮೆ ನಡೆಯಿತು. ಉದ್ದನೆಯ ತಗಡಿನ ಸೂರು, ಕೆಳಗೆ ತೊಳೆದು ತೊಳೆದು ನುಣುಪಾದ ಸಿಮೆಂಟ್ ನೆಲ. ಕರುಗಳ ಸಾಲು ಮಾತ್ರ ಖಾಲಿ. ಹಗ್ಗಗಳನ್ನು ಬಿಚ್ಚದೆ ಗೂಟಕ್ಕೇ ಸುತ್ತಿಟ್ಟಿದ್ದರು. ಆಚೆ ಕಡೆ ತಾಯಿ ಹಸುಗಳು ಆಗಾಗ ಕೂಗುತ್ತಿದ್ದವು, ಆ ಕೂಗಿಗೆ ಒಡತಿ ಪ್ರತಿ ಸಲವೂ ಅತ್ತ ತಿರುಗುತ್ತಿದ್ದಳು. ಪಶುವೈದ್ಯರು ಸತ್ತ ಕರುಗಳ ಕರುಳು, ಪಿತ್ತಕೋಶದಿಂದ ಮಾದರಿ ತೆಗೆದರು. ಸಗಣಿ, ನೀರು, ಹಿಂಡಿ ಕೋಣೆಯಲ್ಲಿ ಬಾಯಿ ಬಿಚ್ಚಿದ್ದ ಕರುಗಳ ಹಿಂಡಿಯ ಚೀಲ, ಎಲ್ಲದರಿಂದಲೂ ಒಂದೊಂದು ಡಬ್ಬಿ ತುಂಬಿಸಿ, ಅರಗಿನ ಮುದ್ರೆ ಒತ್ತಿ, ಸಾಕ್ಷಿಗಳ ಸಹಿ ಪಡೆದರು. ಸಂಜೆಯೊಳಗೆ ಹಂದಿಯವನ ದೊಡ್ಡಿಯಿಂದಲೂ ಮಾದರಿ ಬಂತು. ಅವನು ಗೋಗರೆದ.

"ಕೋಪದಲ್ಲಿ ನಾಲ್ಕು ಮಾತು ಆಡಿದ್ದು ನಿಜ ಸಾರ್. ಅದಕ್ಕೆ ಎಳೇ ಕರುಗಳಿಗೆ ವಿಷ ಹಾಕ್ತೀನಾ? ನಾನೂ ಬಾಯಿಲ್ಲದ ಪ್ರಾಣಿ ಸಾಕಿ ಬದುಕೋನು."

"ವಿಷ ಅಂತ ಯಾರು ಹೇಳಿದ್ರು?"

ಅವನು ತಬ್ಬಿಬ್ಬಾದ. "ಎಲ್ಲರೂ ಹಾಗೇ ಅಂತಿದ್ದಾರೆ..."

ಅವನನ್ನು ಠಾಣೆಯಲ್ಲಿ ಕೂರಿಸಿದರು. ಮರುದಿನಕ್ಕೆ ಅವನ ಹಂದಿಗಳ ಮಲದಲ್ಲೂ ಸಾಲ್ಮೊನೆಲ್ಲಾ ಇದೆ ಎಂದು ಪಶುವೈದ್ಯರು ಫೋನ್ ಮಾಡಿದರು. ಡೈರಿಯವಳ ಗಂಡ ಠಾಣೆಯ ಅಂಗಳದಲ್ಲೇ ಕುಣಿದಾಡಿಬಿಟ್ಟ. ಪಶುವೈದ್ಯರು ಮಾತ್ರ ಒಂದು ಮಾತು ಸೇರಿಸಿದ್ದರು. "ಅದೇ ಜಾತಿ ಅನ್ನೋದಷ್ಟೇ ಗೊತ್ತಾಗಿದೆ, ಅದೇನಾ ಅನ್ನೋದು ಗೊತ್ತಿಲ್ಲ. ಅದನ್ನ ಹೇಳೋಕೆ ಒಬ್ಬರೇ ಇರೋದು. ಫೇಜ್ ಲ್ಯಾಬಿನ ಮೇಷ್ಟ್ರು."

ಪ್ರಾಣಿರೋಗ ಸಂಸ್ಥೆಯ ಹಳೆಯ ಕಟ್ಟಡದಲ್ಲಿ, ಕಾರಿಡಾರಿನ ಕಟ್ಟಕಡೆಯ ಕೋಣೆ ಅದು. ದಾರಿಯುದ್ದಕ್ಕೂ ಕೋಣೆಗಳು ಖಾಲಿಯಾಗಿ, ಹೊಸ ಯಂತ್ರಗಳ ಪೆಟ್ಟಿಗೆಗಳು ಬಂದು ಬಿದ್ದಿದ್ದವು. ಮೇಷ್ಟ್ರು ನಿವೃತ್ತಿಯಾಗಿ ಎಷ್ಟೋ ಕಾಲವಾಗಿದ್ದರೂ ದಿನಾ ಬಂದು ಕೂರುತ್ತಿದ್ದರು. ತೆಳ್ಳಗಿನ ಮೈ, ಮೊಣಕೈವರೆಗೆ ಮಡಚಿದ ತೋಳು, ಮಾತಿನ ನಡುವೆ ಕನ್ನಡಕ ಒರೆಸುವ ಅಭ್ಯಾಸ. ಪೊಲೀಸರನ್ನು ಕಂಡು ಗಾಬರಿಯಾಗುವ ಬದಲು ಕುರ್ಚಿ ಎಳೆದುಕೊಟ್ಟರು.

"ಡೈರಿ ಹುಡುಗಿ ನನ್ನ ಶಿಷ್ಯೆ ಸಾರ್. ಎರಡು ವರ್ಷ ಇದೇ ಮೇಜಿನ ಮುಂದೆ ಕೂತು ಕಲಿತವಳು. ನಿನ್ನೆ ಫೋನ್ ಮಾಡಿ ಅತ್ತಳು. ಧೈರ್ಯವಾಗಿರು ಮಗೂ, ನಾನಿದ್ದೀನಿ ಅಂದೆ."

"ನಮಗೆ ಬೇಕಾಗಿರೋದು ಇಷ್ಟೇ ಮೇಷ್ಟ್ರೇ. ಹಂದಿಯವನ ರೋಗಾಣುವೇ ಕರುಗಳನ್ನ ಕೊಂದಿದ್ದಾ?"

"ಕಳ್ಳತನ ಆದ ಊರಲ್ಲಿ ಒಬ್ಬ ಕಳ್ಳ ಸಿಕ್ಕಿದ ಅಂದ ಮಾತ್ರಕ್ಕೆ ಕದ್ದವನು ಅವನೇ ಅಂತೀರಾ? ಬೆರಳಚ್ಚು ನೋಡ್ತೀರಿ. ಬ್ಯಾಕ್ಟೀರಿಯಾಕ್ಕೆ ಬೆರಳಿಲ್ಲ. ಅದಕ್ಕೇ ನನ್ನ ಮಕ್ಕಳು ಬೇಕು."

ಮಕ್ಕಳು ಎಂದರೆ ಫೇಜ್‌ಗಳು. ಬ್ಯಾಕ್ಟೀರಿಯಾಗಳನ್ನೇ ತಿಂದು ಬದುಕುವ ವೈರಸ್‌ಗಳು. ಚರಂಡಿ, ತಿಪ್ಪೆ, ಕೆರೆಯ ನೀರು, ಎಲ್ಲೆಲ್ಲಿಂದಲೋ ಹಿಡಿದು ತಂದು ಒಂದೊಂದಕ್ಕೂ ನಂಬರ್ ಕೊಟ್ಟು ಅವರು ಸಾಕಿದ್ದರು. ಗಾಜಿನ ತಟ್ಟೆಯಲ್ಲಿ ಹೆಪ್ಪುಗಟ್ಟಿದ ಅಂಬಲಿಯಂಥ ಪದರ; ಅದರ ಮೇಲೆ ಬ್ಯಾಕ್ಟೀರಿಯಾವನ್ನು ಸವರಿ, ಬೇರೆ ಬೇರೆ ಫೇಜ್‌ಗಳ ಹನಿಯನ್ನು ಸಾಲಾಗಿ ಇಡುವುದು. ರಾತ್ರಿ ಬೆಳಗಾಗುವಷ್ಟರಲ್ಲಿ ಬ್ಯಾಕ್ಟೀರಿಯಾ ಹಾಲಿನ ಕೆನೆಯ ಹಾಗೆ ತಟ್ಟೆಯ ತುಂಬ ಹಬ್ಬಿರುತ್ತದೆ. ಯಾವ ಫೇಜ್‌ಗೆ ಅದು ರುಚಿಸಿತೋ ಆ ಹನಿಯ ಜಾಗ ಮಾತ್ರ ತಿಳಿಯಾಗಿ, ದುಂಡಗೆ ತೂತು ಬಿದ್ದಂತೆ ಕಾಣುತ್ತದೆ. ಯಾವ ಯಾವ ಜಾಗದಲ್ಲಿ ತೂತು ಬಿತ್ತು ಎಂಬುದೇ ಆ ಬ್ಯಾಕ್ಟೀರಿಯಾದ ಗುರುತು.

"ಒಬ್ಬೊಬ್ಬರ ನಾಲಿಗೆ ಒಂದೊಂದು ಥರ ಸಾರ್. ಈ ಏಳನೇ ನಂಬರಿನವನಿಗೆ ಹಂದಿ ಕಡೆಯ ತಳಿ ಅಂದ್ರೆ ಪ್ರಾಣ. ಹನ್ನೆರಡನೆಯವನು ಮೂಗು ಮುರೀತಾನೆ. ಅತ್ತೆ ಮನೆಗೆ ಬಂದ ಅಳಿಯನ ಹಾಗೆ."

ಇನ್ಸ್‌ಪೆಕ್ಟರಿಗೆ ನಗು ಬಂತು. ಶಾಲೆಯಲ್ಲಿ ವಿಜ್ಞಾನದ ಪಾಠ ಎಂದರೆ ಅವರಿಗೆ ಹೊಟ್ಟೆನೋವು ಬರುತ್ತಿತ್ತು. ಗೊತ್ತಿಲ್ಲ ಎಂದು ಬಾಯಿಬಿಟ್ಟರೆ ಬೆತ್ತದ ಏಟು. ಈ ಮನುಷ್ಯ ಒಮ್ಮೆಯೂ ಹುಬ್ಬು ಗಂಟಿಕ್ಕದೆ, ಕೇಳಿದ್ದನ್ನೇ ಮತ್ತೆ ಕೇಳಿದರೂ ಮೊದಲ ಸಲ ಕೇಳಿದಂತೆ ಉತ್ತರ ಕೊಡುತ್ತಿದ್ದರು. ಆ ರಾತ್ರಿ ಊಟಕ್ಕೆ ಕೂತಾಗ ಇನ್ಸ್‌ಪೆಕ್ಟರ್ ತಟ್ಟೆಯಲ್ಲೇ ಬೆರಳಿನಿಂದ ಚುಕ್ಕೆ ಇಟ್ಟು ಹೆಂಡತಿಗೆ ಫೇಜ್ ಪಾಠ ಮಾಡಿದರು.

"ನಿಮಗೆ ಒಬ್ಬ ಮನುಷ್ಯ ಇಷ್ಟು ಬೇಗ ಹಿಡಿಸಿದ್ದು ನಾನು ನೋಡೇ ಇಲ್ಲ. ಮಾವನ ಮೇಲೂ ಅನುಮಾನ ಪಡೋ ಜಾತಿ ನಿಮ್ಮದು," ಎಂದು ಅವಳು ಆಡಿಕೊಂಡಳು.

ಗುರುವಾರ ಮೇಷ್ಟ್ರು ಕರೆಸಿದರು. ಮೇಜಿನ ಮೇಲೆ ಎರಡು ತಟ್ಟೆ. ಹಂದಿಯದರಲ್ಲಿ ಮೂರೇ ತೂತು. ಕರುವಿನದು ಜರಡಿಯಾಗಿತ್ತು. ಕೆಳಸಾಲಿನಲ್ಲಿ ಎರಡು ಹನಿಯ ಜಾಗ ಮಾತ್ರ ಕೆನೆ ಕದಡದೆ ಉಳಿದು, ಮಿಕ್ಕ ಎಲ್ಲವೂ ತಿಳಿಯಾಗಿದ್ದವು.

"ನೀವೇ ಹೇಳಿ ಸಾರ್. ಎರಡೂ ಒಂದೇನಾ?"

"ಅಲ್ಲವೇ ಅಲ್ಲ."

"ಅಲ್ಲ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ದಂಗೆ ಆಗ್ತಿತ್ತು. ಹಂದಿಯವನನ್ನ ಮನೆಗೆ ಕಳಿಸಿ." ಮೇಷ್ಟ್ರು ಮೂರನೆಯ ತಟ್ಟೆ ಮುಂದಿಟ್ಟರು. ಅದೂ ಅದೇ ಜರಡಿ, ಅದೇ ಎರಡು ಉಳಿಕೆ. "ಇದು ಹಿಂಡಿ ಚೀಲದ್ದು. ರೋಗ ಬಂದ ದಾರಿ ಇದೇ. ನನ್ನ ಲೆಕ್ಕದಲ್ಲಿ ಇದು ಈವರೆಗೆ ಎಲ್ಲೂ ಕಾಣದ ಹೊಸ ತಳಿ."

ಇನ್ಸ್‌ಪೆಕ್ಟರ್ ಮೂರು ತಟ್ಟೆಗಳ ಫೋಟೋವನ್ನೂ ತಮ್ಮ ಫೋನಿನಲ್ಲಿ ತೆಗೆದುಕೊಂಡರು. ಕೇಸಿಗೆ ಅದರ ಅಗತ್ಯವಿರಲಿಲ್ಲ, ವರದಿಯಲ್ಲಿ ತಳಿಯ ನಂಬರ್ ಇದ್ದರೆ ಸಾಕಾಗಿತ್ತು. ಹೆಂಡತಿಗೆ ತೋರಿಸಬೇಕೆಂಬ ಆಸೆ.

ಹಂದಿಯವನು ಬಿಡುಗಡೆಯಾದ. ಹೋಗುವಾಗ ಮೇಷ್ಟ್ರ ಕಾಲಿಗೆ ಬೀಳುತ್ತೇನೆಂದು ಹಟ ಹಿಡಿದ. ಸುದ್ದಿ ಪತ್ರಿಕೆಗೂ ಹೋಯಿತು. ನಿರಪರಾಧಿಯನ್ನು ಉಳಿಸಿದ ಹಳೆಯ ವಿದ್ಯೆ ಎಂದು ಮೇಷ್ಟ್ರ ಚಿತ್ರ ಹಾಕಿ ಬರೆದರು. ಇನ್ಸ್‌ಪೆಕ್ಟರ್ ಕೂಡ ಪತ್ರಿಕೆಯವರ ಮುಂದೆ ಧಾರಾಳವಾಗಿ ಹೊಗಳಿದರು, "ಇಂಥ ಲ್ಯಾಬನ್ನ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡ್ಕೋಬೇಕು." ಅದೇ ತಿಂಗಳು ಆ ಕೋಣೆಯನ್ನು ಮುಚ್ಚಿ, ಫೇಜ್‌ಗಳನ್ನೆಲ್ಲ ಆವಿಯಲ್ಲಿ ಬೇಯಿಸಿ ನಾಶಮಾಡಿ, ಜೀನು ಓದುವ ಯಂತ್ರಕ್ಕೆ ಜಾಗ ಮಾಡಿಕೊಡುವುದೆಂದು ಸಂಸ್ಥೆ ತೀರ್ಮಾನಿಸಿತ್ತಂತೆ. ಆ ತೀರ್ಮಾನವನ್ನು ತಡೆಹಿಡಿದರು. ಮೇಷ್ಟ್ರು ಫೋನ್ ಮಾಡಿ, "ನಿಮ್ಮ ಬಾಯಿಂದ ಬಂದ ಮಾತಿಗೆ ನನ್ನ ಮಕ್ಕಳು ಬದುಕಿದ್ವು ಸಾರ್," ಎಂದರು. ಇನ್ಸ್‌ಪೆಕ್ಟರಿಗೆ ಆ ದಿನವೆಲ್ಲ ಒಳ್ಳೆಯ ಕೆಲಸ ಮಾಡಿದ ತೃಪ್ತಿ.

ಹಿಂಡಿಯ ಕಾರ್ಖಾನೆಗೆ ತಕ್ಕಡಿ ಹೋದ. ಅದೇ ದಿನ ತಯಾರಾಗಿ, ಅದೇ ಲಾರಿಯಲ್ಲಿ ಹೋದ ಚೀಲಗಳನ್ನು ಗೋದಾಮಿನಲ್ಲೂ ಬೇರೆ ಡೈರಿಗಳಲ್ಲೂ ಹುಡುಕಿ ಮಾದರಿ ತಂದ. ಒಂದರಲ್ಲೂ ರೋಗಾಣು ಇರಲಿಲ್ಲ. ಆ ಡೈರಿಗಳ ಕರುಗಳು ಬಾಲ ಎತ್ತಿಕೊಂಡು ಕುಣಿದಾಡುತ್ತಿದ್ದವು.

"ಕಾರ್ಖಾನೇಲಿ ಸೇರಿದ್ರೆ ಎಲ್ಲ ಚೀಲದಲ್ಲೂ ಇರಬೇಕಿತ್ತು ಸಾರ್," ತಕ್ಕಡಿ ತೂಗಿ ಹೇಳಿದ. "ಒಂದೇ ಚೀಲದಲ್ಲಿ ಇದೆ ಅಂದ್ರೆ, ಅದರ ಬಾಯಿ ಬಿಚ್ಚಿದ ಮೇಲೆ ಬಿದ್ದಿರೋದು. ಡೈರಿ ಒಳಗೇ."

ಇನ್ಸ್‌ಪೆಕ್ಟರ್ ಮತ್ತೆ ಡೈರಿಗೆ ಬಂದರು. ಒಡತಿ ಹಾಲಿನ ಕ್ಯಾನು ತೊಳೆಯುತ್ತಿದ್ದಳು.

"ಹಿಂಡಿ ಕೋಣೆಗೆ ಯಾರ್ಯಾರು ಹೋಗ್ತಾರಮ್ಮ?"

"ನಾನು, ಅಜ್ಜಿ. ಇವರು ಚೀಲ ಇಳಿಸೋಕೆ ಹೋಗ್ತಾರೆ. ಇನ್ಯಾರೂ ಇಲ್ಲ."

"ನೆಂಟರು?"

"ನಮ್ಮವರು ಬರೋದೇ ಅಪರೂಪ. ಬಂದ್ರೂ ಮನೆಯೊಳಗೆ." ಅವಳು ಕೈ ಒರೆಸಿಕೊಂಡಳು. "ಯಾಕೆ ಸಾರ್, ಕಾರ್ಖಾನೆಯವರದ್ದಲ್ವಾ ತಪ್ಪು?"

"ಕಾರ್ಖಾನೆ ಶುದ್ಧವಾಗಿದೆ." ಅವಳ ಮುಖ ಬಾಡಿದ್ದನ್ನು ಕಂಡು, ಸ್ವಲ್ಪ ಗೆಲುವಾಗಲಿ ಎಂದು ಇನ್ಸ್‌ಪೆಕ್ಟರ್ ಫೋನ್ ತೆಗೆದರು. "ನಿಮ್ಮ ಮೇಷ್ಟ್ರು ದೊಡ್ಡ ಮನುಷ್ಯ ಕಣಮ್ಮ. ನನ್ನಂಥ ದಡ್ಡನಿಗೂ ತಟ್ಟೆ ಓದೋದು ಕಲಿಸಿಬಿಟ್ರು. ನೋಡಿ, ಇದು ಹಂದಿಯದು. ಇದು ನಿಮ್ಮ ಕರುವಿನದು."

ಅವಳು ನಗುತ್ತಲೇ ಫೋನ್ ತೆಗೆದುಕೊಂಡಳು. ಮೊದಲ ಚಿತ್ರ ನೋಡಿದಳು. ಎರಡನೆಯದಕ್ಕೆ ಬಂದಾಗ ನಗು ಹಾಗೇ ನಿಂತಿತು. ಬೆರಳಿನಿಂದ ಹಿಗ್ಗಿಸಿದಳು, ಕೆಳಸಾಲಿನ ಎರಡು ಉಳಿಕೆಗಳನ್ನು ನೋಡಿದಳು. ಮತ್ತೆ ಮೇಲಿನಿಂದ ಒಂದೊಂದೇ ಹನಿಯನ್ನು ಬಾಯಲ್ಲೇ ಎಣಿಸಿದಳು. ಆಮೇಲೆ ಫೋನನ್ನು ವಾಪಸ್ ಕೊಟ್ಟಳು.

"ಏನಾಯ್ತಮ್ಮ?"

"ಏನಿಲ್ಲ ಸಾರ್. ಹಾಲು ಕಾಯಿಸೋಕಿಟ್ಟಿದ್ದೆ, ಉಕ್ಕಿರಬೇಕು."

ಅಡುಗೆಮನೆಯ ಕಡೆಯಿಂದ ಯಾವ ವಾಸನೆಯೂ ಬರುತ್ತಿರಲಿಲ್ಲ. ಇನ್ಸ್‌ಪೆಕ್ಟರ್ ಒತ್ತಾಯಿಸಲಿಲ್ಲ. ಜೀಪಿನಲ್ಲಿ ತಕ್ಕಡಿ, "ಅವಳೇ ಏನಾದರೂ..." ಎಂದು ಶುರುಮಾಡಿದ. "ಅವಳಿಗೆ ಗೊತ್ತು," ಎಂದರು ಇನ್ಸ್‌ಪೆಕ್ಟರ್. "ಆದ್ರೆ ಗೊತ್ತಾಗಿದ್ದು ಈಗ, ನನ್ನ ಕಣ್ಣೆದುರಿಗೇ."

ಮರುದಿನ ಬೆಳಿಗ್ಗೆ ಅವಳು ಒಬ್ಬಳೇ ಠಾಣೆಗೆ ಬಂದಳು. ಕಣ್ಣು ಊದಿಕೊಂಡಿದ್ದವು. ಗಂಡನಿಗೆ ಹೇಳಿರಲಿಲ್ಲ.

"ಅದು ಹೊಸ ತಳಿ ಅಲ್ಲ ಸಾರ್." ಕೂತ ತಕ್ಷಣ ಹೇಳಿದಳು, ತಡಮಾಡಿದರೆ ಹೇಳಲಾಗದೆಂಬಂತೆ. "ಫೇಜ್‌ಗಳು ಬರೀ ನೀರಲ್ಲಿ ಬೆಳೆಯಲ್ಲ. ಅವಕ್ಕೆ ತಿನ್ನೋಕೆ ಬ್ಯಾಕ್ಟೀರಿಯಾ ಬೇಕು. ಅದಕ್ಕೇ ಲ್ಯಾಬಲ್ಲಿ ಒಂದು ತಳಿ ಇಟ್ಟಿರ್ತೀವಿ. ಹೆಚ್ಚುಕಮ್ಮಿ ಎಲ್ಲ ಫೇಜ್‌ಗಳೂ ಅದನ್ನ ತಿನ್ನುತ್ವೆ, ಎರಡು ಬಿಟ್ಟು. ಎಲ್ಲರನ್ನೂ ಮೊಲೆಯೂಡಿಸಿ ಸಾಕೋದು ಅದೇ ಅಂತ ಮೇಷ್ಟ್ರು ಅದನ್ನ ಸಾಕುತಾಯಿ ಅಂತ ಕರೀತಿದ್ರು. ಹೊರಗೆ ತಿರುಗೋ ಯಾವ ರೋಗಾಣುವಿಗೂ ಅಷ್ಟು ತೂತು ಬೀಳೋದನ್ನ ನಾನು ಕಂಡಿಲ್ಲ. ಎರಡು ವರ್ಷ ಸಾರ್, ದಿನಾ ಅದನ್ನ ನನ್ನ ಕೈಯಾರೆ ಬೆಳೆಸಿದ್ದೀನಿ. ಹೆತ್ತ ಮಗುವಿನ ಮಚ್ಚೆ ಮರೆತ್ರೂ ಆ ತಟ್ಟೆ ಮರೆಯಲ್ಲ."

"ಅದು ಮೇಷ್ಟ್ರಿಗೆ ಗುರುತು ಸಿಗದೆ ಇರುತ್ತಾ?"

"ನಮ್ಮಪ್ಪ ತೀರಿಕೊಂಡಾಗ ನನ್ನ ಮದುವೆಗೆ ಅಪ್ಪನ ಜಾಗದಲ್ಲಿ ನಿಂತವರು ಅವರು," ಎಂದಳು. "ತಪ್ಪಾಗಿ ನೋಡಿದ್ದೀನಿ ಅಂತ ಹೇಳಿ ಸಾರ್. ನಾನು ಲ್ಯಾಬ್ ಬಿಟ್ಟು ಎಷ್ಟೋ ವರ್ಷ ಆಯ್ತು."

"ಅವರು ಇತ್ತೀಚೆಗೆ ಡೈರಿಗೆ ಬಂದಿದ್ರಾ?"

"ಬಂದಿದ್ರು. ಮೊದಲ ಕರು ಬೀಳೋಕೆ ಕೆಲವು ದಿನ ಮುಂಚೆ. ನೀವು ನೆಂಟರು ಯಾರು ಅಂತ ಕೇಳಿದಾಗ ನನಗೆ ನೆನಪಿಗೇ ಬರಲಿಲ್ಲ. ಅವರನ್ನ ನಾನು ನೆಂಟರು ಅಂತ ಲೆಕ್ಕ ಇಟ್ಟೇ ಇಲ್ಲ."

ಇನ್ಸ್‌ಪೆಕ್ಟರ್ ಎದ್ದು ಕಿಟಕಿಯ ಬಳಿ ಹೋದರು. ಮೋಸಗಾರರನ್ನು ಅವರು ಬೇಕಾದಷ್ಟು ಕಂಡಿದ್ದರು, ಮೋಸ ಹೋಗಿಯೂ ಇದ್ದರು. ಆದರೆ ಒಬ್ಬನನ್ನು ಮನಸಾರೆ ಮೆಚ್ಚಿ, ಮನೆಯಲ್ಲಿ ಅವನ ಮಾತಾಡಿ, ಪತ್ರಿಕೆಯವರ ಮುಂದೆ ಅವನ ಗುಣಗಾನ ಮಾಡಿದ್ದು ಇದೇ ಮೊದಲು. ನಿಮ್ಮ ಬಾಯಿಂದ ಬಂದ ಮಾತಿಗೆ ನನ್ನ ಮಕ್ಕಳು ಬದುಕಿದ್ವು. ಆ ಮಾತು ಈಗ ಕೆನ್ನೆಗೆ ಹೊಡೆದಂತೆ ಮರಳಿ ಬಂತು.

ಆಸ್ಪತ್ರೆಯಲ್ಲಿ ಅಜ್ಜಿಗೆ ಜ್ವರ ಇಳಿದಿತ್ತು. ಅವಳು ಯಾರ ಅಜ್ಜಿಯೂ ಅಲ್ಲ. ಕರುಗಳನ್ನು ಮೊಮ್ಮಕ್ಕಳಂತೆ ನೋಡಿಕೊಂಡಿದ್ದರಿಂದ ಬಂದ ಹೆಸರು. ಕೈಗೆ ಗ್ಲೂಕೋಸ್ ಹತ್ತಿಸಿದ್ದರು. ಮಹಿಳಾ ಪೇದೆ ಹೇಳಿಕೆ ಬರೆದುಕೊಂಡಳು.

"ಮೇಷ್ಟ್ರು ಬಂದ ದಿನ ನೆನಪಿದೆಯಾ ಅಜ್ಜೀ?"

"ಅಯ್ಯೋ, ನೆನಪಿಲ್ದೆ? ಬಂಗಾರದಂಥ ಮನುಷ್ಯ. ಕರುಗಳನ್ನೆಲ್ಲ ಮೈದಡವಿ ಮಾತಾಡಿಸಿದ್ರು."

"ಹಿಂಡಿ ಕೋಣೆಗೆ ಹೋದ್ರಾ?"

"ಹೋದ್ರು. ಹಿಂಡಿ ಯಾವುದು ಹಾಕ್ತೀರಿ ನೋಡೋಣ ಅಂದ್ರು. ನಾನು ಹಾಲುಣಿಸ್ತಿದ್ದೆ, ಅವರೇ ಹೋಗಿ ನೋಡ್ಕೊಂಡು ಬಂದ್ರು."

"ಕೈಯಲ್ಲಿ ಏನಾದ್ರೂ ಇತ್ತಾ?"

"ಚೀಲ ಇತ್ತು, ಹೆಗಲಿಗೆ ಹಾಕ್ಕೊಳ್ಳೋದು. ಅದರಿಂದಲೇ ನನಗೆ ಸೋಪು ತೆಗೆದುಕೊಟ್ರು. ಘಮ್ ಅನ್ನೋ ಸೋಪು. ಅಜ್ಜೀ, ಈ ವಾರ ಕರು ಮುಟ್ಟಿದಾಗೆಲ್ಲ ಕೈ ಚೆನ್ನಾಗಿ ತೊಳ್ಕೋ ಅಂದ್ರು." ಅಜ್ಜಿ ಒಣಗಿದ ತುಟಿ ಸವರಿಕೊಂಡಳು. "ಯಾರು ಹೇಳ್ತಾರೆ ಹೇಳು ಕೂಲಿ ಹೆಂಗಸಿಗೆ ಹಾಗೆಲ್ಲ? ಅಷ್ಟು ಒಳ್ಳೆ ಸೋಪು ದಿನಾ ಬಳಸೋಕೆ ಮನಸ್ಸು ಬರಲಿಲ್ಲ. ಎತ್ತಿಟ್ಟೆ."

"ಈ ವಾರ ಅಂತಲೇ ಅಂದ್ರಾ?"

"ಹೂಂ. ಈ ವಾರ ಅಂತಲೇ."

ಪೇದೆಯ ಪೆನ್ನು ನಿಂತಿತು. ಇನ್ಸ್‌ಪೆಕ್ಟರ್ "ಬರ್ಕೋ," ಎಂದರು.

ಮೇಲಧಿಕಾರಿಯ ಅನುಮತಿ ಪಡೆದು, ಸಂಸ್ಥೆಯ ಮುಖ್ಯಸ್ಥರ ಎದುರಿಗೆ, ಮೇಷ್ಟ್ರು ಊಟಕ್ಕೆ ಹೋಗಿದ್ದಾಗ ಫ್ರೀಜರಿನಿಂದ ಸಾಕುತಾಯಿಯ ಒಂದು ಸೀಸೆಯನ್ನು ಪಂಚನಾಮೆ ಮಾಡಿ ತೆಗೆದುಕೊಂಡರು. ಕರುವಿನ ಮಾದರಿ, ಹಿಂಡಿಯ ಮಾದರಿ, ಈ ಸೀಸೆ, ಜೊತೆಗೆ ಹಂದಿಯದು. ನಾಲ್ಕಕ್ಕೂ ಗುಪ್ತ ಗುರುತು ಹಾಕಿ ಬೇರೊಂದು ಊರಿನ ಲ್ಯಾಬಿಗೆ ಕಳಿಸಿದರು. ಅಲ್ಲಿ ಜೀನು ಓದುವ ಯಂತ್ರವಿತ್ತು. ಉತ್ತರ ಬರುವವರೆಗೆ ಇನ್ಸ್‌ಪೆಕ್ಟರ್ ಮೇಷ್ಟ್ರ ಫೋನ್ ಎತ್ತಲಿಲ್ಲ. ಎತ್ತಿದರೆ ದನಿಯಲ್ಲೇ ಗೊತ್ತಾಗಿಬಿಡುತ್ತದೆಂಬ ಭಯ. ಮನೆಯಲ್ಲಿ ಹೆಂಡತಿ, "ಏನು, ನಿಮ್ಮ ಮೇಷ್ಟ್ರ ಸುದ್ದಿಯೇ ಇಲ್ಲ?" ಎಂದಾಗ ಊಟ ಅರ್ಧಕ್ಕೆ ಬಿಟ್ಟು ಕೈ ತೊಳೆದುಕೊಂಡರು.

ಉತ್ತರ ಚಿಕ್ಕದಾಗಿತ್ತು. ಕರು, ಹಿಂಡಿ, ಸೀಸೆ ಮೂರೂ ಒಂದೇ. ಹಂದಿಯದು ಬೇರೆ.

ತಕ್ಕಡಿ ವರದಿಯನ್ನು ಎರಡು ಸಲ ಓದಿದ. "ಬೇಲಿಯೇ ಎದ್ದು ಹೊಲ ಮೇಯ್ತು ಸಾರ್," ಎಂದ. ಅವನು ತೂಗದೆ ಆಡಿದ ಮೊದಲ ಮಾತು ಅದೇ ಇರಬೇಕು.

ಅವರು ಹೋದಾಗ ಮೇಷ್ಟ್ರು ತಟ್ಟೆಗಳಿಗೆ ಹನಿ ಇಡುತ್ತಿದ್ದರು. "ಬನ್ನಿ ಬನ್ನಿ, ಫೋನ್ ಮಾಡಿದ್ರೆ ಎತ್ತೋದೇ ಇಲ್ವಲ್ಲ," ಎಂದವರು, ಹಿಂದೆ ನಿಂತ ತಕ್ಕಡಿಯ ಮುಖ ನೋಡಿ ಕೈ ನಿಲ್ಲಿಸಿದರು.

"ಡೈರಿಗೆ ಹೋಗಿದ್ರಿ ಅಂತ ನೀವು ಹೇಳಲಿಲ್ಲ ಮೇಷ್ಟ್ರೇ."

"ನೀವು ಕೇಳಲಿಲ್ಲ."

"ಈಗ ಕೇಳ್ತಿದ್ದೀನಿ. ಚೀಲದಲ್ಲಿ ಏನು ತಗೊಂಡು ಹೋಗಿದ್ರಿ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು.

"ಹೊಸ ತಳಿ ಅಂದ್ರಿ ನನಗೆ. ನಾನು ನಂಬಿದೆ."

"ಯಾರು ಗುರುತು ಹಿಡಿದದ್ದು? ಈಗ ಆ ತಟ್ಟೆ ಓದೋಕೆ ಬರೋರು ಯಾರಿದ್ದಾರೆ?"

"ನಿಮ್ಮ ಶಿಷ್ಯೆ. ನನ್ನ ಫೋನಲ್ಲಿದ್ದ ಫೋಟೋ ನೋಡಿ."

ಆಗ ಆದದ್ದನ್ನು ಇನ್ಸ್‌ಪೆಕ್ಟರ್ ಆಮೇಲೆ ಯಾರ ಮುಂದೆಯೂ ಸರಿಯಾಗಿ ವಿವರಿಸಲಾರದೆ ಹೋದರು. ಮುದುಕನ ಮುಖ ಒಂದು ಕ್ಷಣ ಅರಳಿತು. ತರಗತಿಯಲ್ಲಿ ಕಷ್ಟದ ಪ್ರಶ್ನೆಗೆ ಹಿಂದಿನ ಬೆಂಚಿನಿಂದ ಸರಿಯುತ್ತರ ಬಂದಾಗ ಮೇಷ್ಟ್ರುಗಳ ಮುಖ ಅರಳುತ್ತದಲ್ಲ, ಹಾಗೆ. "ಹಿಡೀತಾಳೆ," ಎಂದರು. "ಅವಳ ಕಣ್ಣೇ ಹಾಗೆ." ಮರುಕ್ಷಣ ಆ ಬೆಳಕು ಆರಿಹೋಗಿ ಕುರ್ಚಿಯ ಮೇಲೆ ಕುಸಿದು ಕೂತರು.

"ಯಾಕೆ ಮಾಡಿದ್ರಿ?"

"ಇವನ್ನೆಲ್ಲ ಬೇಯಿಸಿ ಚರಂಡಿಗೆ ಸುರೀತೀವಿ ಅಂದ್ರು ಸಾರ್. ನಾನೂ ನನ್ನ ಹೆಂಡತಿಯೂ ಮೂಗು ಮುಚ್ಕೊಂಡು ಊರೂರ ಚರಂಡೀಲಿ ಹುಡುಕಿ ತಂದಿದ್ವಿ. ನಮಗೆ ಬೇರೆ ಮಕ್ಕಳಾಗಲಿಲ್ಲ. ಅವಳು ಹೋದ ಮೇಲೆ ಇವೇ. ಯಾರ ಕಾಲಿಗೆ ಬೀಳಲಿಲ್ಲ ನಾನು? ಹಳೇ ಕಾಲದ್ದು, ಯಾರಿಗೂ ಬೇಡ ಅಂದ್ರು. ಒಂದು ಕೇಸು, ಒಂದೇ ಒಂದು ಕೇಸು ಇವುಗಳಿಂದ ಬಗೆಹರಿದ್ರೆ ಬಿಡ್ತಾರೆ ಅನ್ನಿಸ್ತು."

"ಅದಕ್ಕೆ ಆ ಹೆಣ್ಣುಮಗಳ ಡೈರಿನೇ ಬೇಕಿತ್ತಾ?"

ಮೇಷ್ಟ್ರು ತಲೆಯೆತ್ತಿದರು. ಪ್ರಶ್ನೆಯೇ ಅರ್ಥವಾಗದವರಂತೆ ನೋಡಿದರು.

"ಗುರುತು ಪರಿಚಯ ಇಲ್ಲದವರ ದನಕ್ಕೆ ರೋಗ ಹಾಕೋಕೆ ಮನಸ್ಸು ಹೇಗೆ ಬರುತ್ತೆ ಸಾರ್? ಅದು ಪಾಪ ಅಲ್ವಾ? ಇವಳಾದ್ರೆ ನಮ್ಮವಳು. ಒಂದೆರಡು ಕರು ಮಲಗ್ತವೆ, ಇವಳು ಜಾಣೆ, ತಕ್ಷಣ ಬೇರೆ ಕಟ್ಟಿ ಔಷಧಿ ಕೊಡ್ತಾಳೆ, ಎದ್ದು ನಿಲ್ತವೆ. ಮುಂದೆ ಯಾವತ್ತಾದ್ರೂ ನಾನೇ ಹೇಳಿದ್ರೂ ಕ್ಷಮಿಸ್ತಾಳೆ ಅಂದ್ಕೊಂಡಿದ್ದೆ. ಹನ್ನೊಂದು ಸಾಯುತ್ವೆ ಅಂತ ಗೊತ್ತಿರಲಿಲ್ಲ."

"ಅಜ್ಜಿಗೆ ಸೋಪು ಕೊಟ್ಟಿದ್ರಿ. ಗೊತ್ತಿತ್ತು ನಿಮಗೆ."

ಅರ್ಧಕ್ಕೆ ನಿಂತಿದ್ದ ತಟ್ಟೆಗೆ ಮೇಷ್ಟ್ರು ಮುಚ್ಚಳ ಹಾಕಿದರು. ಮಧ್ಯಾಹ್ನ ಮೂರಕ್ಕೆ ಬಂಧನದ ಮಹಜರು ಮುಗಿಯಿತು. ಕೋಣೆಗೆ ಮುದ್ರೆ ಹಾಕುವಾಗ ತಕ್ಕಡಿ ಸ್ವಿಚ್ಚುಗಳನ್ನೆಲ್ಲ ಆರಿಸುತ್ತ ಬಂದು ಫ್ರೀಜರಿನ ಮುಂದೆ ನಿಂತ. ಇನ್ಸ್‌ಪೆಕ್ಟರ್ ತಲೆಯಾಡಿಸಿದರು. "ಇರಲಿ ಬಿಡು. ಅದೂ ಸಾಕ್ಷಿಯೇ." ಜೀಪಿನಲ್ಲಿ ಮೇಷ್ಟ್ರು ಕಿಟಕಿಯ ಪಕ್ಕ ಕೂತು, ಬರಿಗೈಯನ್ನು ಮಂಡಿಯ ಮೇಲಿಟ್ಟುಕೊಂಡಿದ್ದರು. ಇನ್ಸ್‌ಪೆಕ್ಟರ್ ಇಡೀ ದಾರಿ ಹಿಂದೆ ತಿರುಗಿ ನೋಡಲಿಲ್ಲ.

ಸಂಜೆ ಅವರೇ ಡೈರಿಗೆ ಹೋದರು. ಪೇದೆಯನ್ನು ಕಳಿಸಬಹುದಿತ್ತು, ಮನಸ್ಸು ಬರಲಿಲ್ಲ. ಗಂಡನಿಗೆ ಆಗಲೇ ಎಲ್ಲ ತಿಳಿದಿತ್ತು. ಅವನು ಹಂದಿಯವನ ಮನೆಗೆ ತಪ್ಪೊಪ್ಪಿಕೊಳ್ಳಲು ಹೋಗಿದ್ದ. ಒಡತಿ ಖಾಲಿ ಸಾಲಿನ ಗೂಟಗಳಿಂದ ಹಗ್ಗಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದಳು.

"ಒಪ್ಕೊಂಡ್ರಾ?"

"ಒಪ್ಕೊಂಡ್ರು."

"ನನ್ನ ಡೈರಿನೇ ಯಾಕಂತೆ?"

ಹೇಳಬಾರದೆಂದು ದಾರಿಯಲ್ಲೆಲ್ಲ ಅಂದುಕೊಂಡು ಬಂದಿದ್ದರು. ಅವಳ ಕಣ್ಣೆದುರು ನಿಂತಾಗ ಸುಳ್ಳು ಹೊರಡಲಿಲ್ಲ. ಮೇಷ್ಟ್ರು ಅಂದದ್ದನ್ನು ಅಂದಹಾಗೇ ಹೇಳಿದರು. ಪರರಿಗೆ ಮಾಡಲು ಮನಸ್ಸು ಬರಲಿಲ್ಲವಂತೆ, ನೀವಾದರೆ ನಮ್ಮವಳು ಅಂದರು.

ಅವಳು ಕೈಯಲ್ಲಿದ್ದ ಹಗ್ಗವನ್ನು ಸುರುಳಿ ಸುತ್ತಿದಳು. ಒಮ್ಮೆ ಸುತ್ತಿದ್ದು ಸರಿಹೋಗದೆ ಬಿಚ್ಚಿ ಮತ್ತೆ ಸುತ್ತಿದಳು.

"ಹಾಗಾದ್ರೆ ನಾನು ಅವರಿಗೆ ಯಾರೂ ಅಲ್ಲದೆ ಇದ್ದಿದ್ರೆ," ಎಂದಳು ನಿಧಾನವಾಗಿ, "ನನ್ನ ಕರುಗಳು ಬದುಕಿರ್ತಿದ್ವು. ಅಲ್ವಾ ಸಾರ್?"

ಆಚೆ ಸಾಲಿನಲ್ಲಿ ಹಸುವೊಂದು ಕೂಗಿತು. ಅವಳು ಹಗ್ಗವನ್ನು ಗೋಡೆಯ ಮೊಳೆಗೆ ಸಿಕ್ಕಿಸಿ, ಅದರ ಹತ್ತಿರ ಹೋಗಿ, ಕುತ್ತಿಗೆಯ ಮೇಲೆ ಕೈಯಿಟ್ಟು ನಿಂತಳು. ಇನ್ಸ್‌ಪೆಕ್ಟರ್ ಟೋಪಿಯನ್ನು ಕೈಯಲ್ಲೇ ಹಿಡಿದುಕೊಂಡು, ಸದ್ದಾಗದಂತೆ ಹೊರಗೆ ನಡೆದರು.